ಗ್ವಾಡಿ, ಸುಣ್ಣ ಮತ್ತು ನನ್ನ ಮೇಕಪ್

ಹೆರಿಗೆ ಆದ್ಮೇಲೆ ನನ್ನ ಎರಡೂ ಕೆನ್ನೆಗೆ ಬಂಗು ಬಂತು. ರಜೆ ಮುಗಿಸಿ ಆಫೀಸಿಗೆ ಮರಳುವ ದಿನ ಅದು ಯಾರಿಗೂ ಕಾಣಬಾರದು ಅಂತ ಫೌಂಡೇಶನ್ ದಪ್ಪಗೆ ಬಳಿದುಕೊಂಡು ಖಾನಾಪುರದ ತವರಿನಿಂದ ಹೊರಟೆ. ಬೆಳಗಾವಿಗೆ ಸುಮಾರು 25 ಕಿ.ಮೀ. ಜುಲೈ ಮಳೆ, ಕಿಟಕಿ ಮುಚ್ಚಿದ ಬಸ್ಸು, ಬೆವರು. ಟಿಳಕವಾಡಿ ಮುಟ್ಟುವಷ್ಟರಲ್ಲಿ ಮುಖವೆಲ್ಲ ಪಟ್ಟೆ ಪಟ್ಟೆ. ಮೀಟಿಂಗ್‌ನಲ್ಲಿ ಇಡೀ ದಿನ ಕ್ಯಾಮೆರಾ ಆಫ್.

ರಾತ್ರಿ ಅವ್ವ ನಕ್ಕಳು: "ಗ್ವಾಡಿಗೆ ಸುಣ್ಣಾ ಹಚ್ಚೂದು ನೋಡಿಲ್ಲೇನ? ತೆಳ್ಳಗ ಒಂದ್ ಕೈ, ಆರಾಕ ಬಿಡು, ಮತ್ತ ಇನ್ನೊಂದ್ ಕೈ. ದಪ್ಪ ಹಚ್ಚಿದ್ರ ಉದರತೈತಿ."

ಈಗ ನನ್ನ ಕ್ರಮ ಇದೇ. ಮೊದಲು ತೆಳು ಮಾಯಿಶ್ಚರೈಸರ್, ಆಮೇಲೆ ಎಸ್‌ಪಿಎಫ್ 30ಕ್ಕಿಂತ ಹೆಚ್ಚಿನ ಟಿಂಟೆಡ್ ಸನ್‌ಸ್ಕ್ರೀನ್. ಬಿಸಿಲಿಗೆ ಬಂಗು ಹೆಚ್ಚಾಗುತ್ತದೆ, ಹಾಗಾಗಿ ಇದನ್ನು ಬಿಡೋ ಹಾಗಿಲ್ಲ. ಅದು ಆರುವವರೆಗೆ 10 ನಿಮಿಷ ಡಬ್ಬಿ ಕಟ್ಟುತ್ತೇನೆ. ಬಂಗಿನ ಮೇಲಷ್ಟೇ ಕನ್ಸೀಲರ್, ತಿಕ್ಕದೆ ಬೆರಳಿಂದ ತಟ್ಟಿ. ಪೌಡರ್ ಹಣೆ, ಮೂಗಿಗೆ ಮಾತ್ರ. ಬೆವರಿದರೆ ಒರೆಸುವುದಿಲ್ಲ, ಟಿಶ್ಯೂ ಒತ್ತಿ ತೆಗೆಯುತ್ತೇನೆ.

ಸಂಜೆ ಆರರವರೆಗೂ ಉಳಿಯುತ್ತದೆ. ಹತ್ತಿರದಿಂದ ನೋಡಿದರೆ ಬಂಗು ಸ್ವಲ್ಪ ಕಾಣುತ್ತದೆ. ಕಾಣಲಿ ಬಿಡಿ, ಕ್ಯಾಮೆರಾ ಮಾತ್ರ ಆಫ್ ಮಾಡಲ್ಲ.