ಹಿಂದಕ್ಕೆ ಹರಿಯುವ ನದಿಯ ದಂಡೆಯಲ್ಲಿ

ನದಿ ಒಂದೇ ದಿಕ್ಕಿಗೆ ಹರಿಯುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತವರು. ಕಾಂಬೋಡಿಯಾದ ತೊನ್ಲೆ ಸಾಪ್ ನದಿಗೆ ಈ ಪಾಠ ಹೊಂದುವುದಿಲ್ಲ. ಬೇಸಿಗೆಯಲ್ಲಿ ಅದು ತೊನ್ಲೆ ಸಾಪ್ ಸರೋವರದಿಂದ ಹೊರಟು ನೋಮ್ ಪೆನ್ ನಗರದ ಬಳಿ ಮೆಕಾಂಗ್ ನದಿಯನ್ನು ಸೇರುತ್ತದೆ. ಮಳೆಗಾಲದಲ್ಲಿ ಮೆಕಾಂಗ್ ಉಕ್ಕಿದಾಗ ನೀರು ಹಿಂದಕ್ಕೆ ತಿರುಗಿ ಸರೋವರಕ್ಕೇ ನುಗ್ಗುತ್ತದೆ. ಬೇಸಿಗೆಯಲ್ಲಿ ಸುಮಾರು 2,500 ಚದರ ಕಿಲೋಮೀಟರ್ ಇರುವ ಸರೋವರ ಆಗ ನಾಲ್ಕೈದು ಪಟ್ಟು ಹಿಗ್ಗುತ್ತದೆ. ಸುತ್ತಲಿನ ಕಾಡು ಮುಳುಗುತ್ತದೆ. ಮೀನಿನ ಮರಿಗಳು ಬೆಳೆಯುವುದು ಆ ಮುಳುಗಿದ ಕಾಡಿನಲ್ಲೇ.

ನಾವು ಹೋದದ್ದು ನವೆಂಬರ್ ಕೊನೆಯಲ್ಲಿ, ನೀರು ಇಳಿಯುವ ಹೊತ್ತಿಗೆ. ಕಾಂಪಾಂಗ್ ಛ್ನಾಂಗ್ ಪಟ್ಟಣದಿಂದ ದೋಣಿ ಹಿಡಿದೆವು. ನೀರಿನಿಂದ ಮರದ ತುದಿಗಳಷ್ಟೇ ಕಾಣುತ್ತಿದ್ದವು. ಸಂಜೆ ದಂಡೆಗಿಳಿದಾಗ, ಬಿಳಿ ಟೋಪಿ ಹಾಕಿಕೊಂಡು ಬಲೆ ಸರಿಪಡಿಸುತ್ತಿದ್ದ ಎಪ್ಪತ್ತು ದಾಟಿದ ಹಿರಿಯರೊಬ್ಬರು ಕಂಡರು. ಸಲಾಂ ಹೇಳಿದೆವು. ಅವರ ಮುಖ ಅರಳಿತು.

ಅವರು ಚಾಮ್ ಮುಸ್ಲಿಮರು. ಈಗಿನ ವಿಯೆಟ್ನಾಂನಲ್ಲಿದ್ದ ಚಂಪಾ ರಾಜ್ಯದ ರಾಜಧಾನಿ 1471ರಲ್ಲಿ ಬಿದ್ದ ಮೇಲೆ ಅವರ ಪೂರ್ವಜರಲ್ಲಿ ಅನೇಕರು ಇತ್ತ ವಲಸೆ ಬಂದರು. ಅವರ ಹಳೆಯ ಲಿಪಿ ನಮ್ಮ ಕನ್ನಡದಂತೆ ಬ್ರಾಹ್ಮಿಯ ಕುಡಿ.

ಮಗ್ರಿಬ್ ನಮಾಝಿಗೆ ಅವರ ಪುಟ್ಟ ಮಸೀದಿಯಲ್ಲಿ ನಿಂತೆವು. ಫಾತಿಹಾ ಮುಗಿದಾಗ ಶಾಫಿಗಳಾದ ಅವರು ಗಟ್ಟಿಯಾಗಿ ಆಮೀನ್ ಎಂದರು. ಹನಫಿಗಳಾದ ನಾವು ಮೆಲ್ಲಗೆ ನಮ್ಮಷ್ಟಕ್ಕೆ ಹೇಳಿಕೊಂಡೆವು.

ಆಮೇಲೆ ಚಹಾ ಬಂತು. ದೋಣಿಯ ಹುಡುಗ ಮುರುಕು ಇಂಗ್ಲಿಷಿನಲ್ಲಿ ಮಾತು ದಾಟಿಸಿದ. 1975ರಿಂದ 1979ರವರೆಗೆ ಆಳಿದ ಖ್ಮೇರ್ ರೂಜ್ ಆಡಳಿತ ನಮಾಝನ್ನು ನಿಷೇಧಿಸಿತು, ಕುರ್‌ಆನ್ ಪ್ರತಿಗಳನ್ನು ಸುಟ್ಟಿತು, ಹಂದಿಮಾಂಸ ತಿನ್ನುವಂತೆ ಬಲವಂತ ಮಾಡಿತು, ಅಪಾರ ಸಂಖ್ಯೆಯಲ್ಲಿ ಚಾಮರನ್ನು ಕೊಂದಿತು. ಇದು ಜನಾಂಗ ಹತ್ಯೆಯೆಂದು ವಿಶ್ವಸಂಸ್ಥೆಯ ಬೆಂಬಲದ ನ್ಯಾಯಾಲಯ ತೀರ್ಪು ಕೊಟ್ಟದ್ದು 2018ರಲ್ಲಿ. ಆ ವರ್ಷಗಳಲ್ಲಿ ನಮಾಝಿನ ಮಾತುಗಳನ್ನು ಗದ್ದೆ ಕೆಲಸದ ನಡುವೆ ತುಟಿ ಅಲುಗಿಸದೆ ನೆನೆಯುತ್ತಿದ್ದೆವು ಎಂದರು ಹಿರಿಯರು. ಆಗಷ್ಟೇ ಕೇಳಿದ್ದ ಗಟ್ಟಿ ಆಮೀನಿನ ಬೆಲೆ ನಮಗೆ ತಿಳಿಯಿತು.

ಅವರ ಈಗಿನ ಚಿಂತೆ ಬೇರೆ. 2019 ಮತ್ತು 2020ರಲ್ಲಿ ಮಳೆ ಕೈಕೊಟ್ಟಿತು, ಮೇಲಿನ ಅಣೆಕಟ್ಟುಗಳೂ ನೀರು ಹಿಡಿದವು. ನದಿ ತಡವಾಗಿ ತಿರುಗಿತು, ಅದೂ ಅರೆಮನಸ್ಸಿನಿಂದ. ಕಾಡು ಸರಿಯಾಗಿ ಮುಳುಗದಿದ್ದರೆ ಮೀನಿಲ್ಲ. ಅವರ ಇಬ್ಬರು ಗಂಡುಮಕ್ಕಳು ದುಡಿಯಲು ಮಲೇಷ್ಯಾಕ್ಕೆ ಹೋಗಿದ್ದಾರೆ, ನಮ್ಮ ಕರಾವಳಿಯವರು ಗಲ್ಫಿಗೆ ಹೋದಂತೆ.

ಪ್ರವಾಸಿಗರ ಕ್ಯಾಮೆರಾಕ್ಕೆ ಇಲ್ಲಿನ ಸೂರ್ಯಾಸ್ತ ಸಿಗುತ್ತದೆ. ನಾವೂ ತೆಗೆದುಕೊಂಡೆವು. ಆದರೆ ಆ ನೀರನ್ನೇ ನಂಬಿ ಬಲೆ ಹೆಣೆಯುವವರನ್ನು ಮಾತನಾಡಿಸದೆ ಬಂದಿದ್ದರೆ, ಆ ನಾಡನ್ನು ನೋಡಿದೆವು ಎಂದು ಹೇಗೆ ಹೇಳುವುದು? ಹೊರಡುವಾಗ ಹಿರಿಯರು ದುಆ ಮಾಡಿ ಎಂದರು. ಯಾವುದಕ್ಕೆ ಎಂದು ಕೇಳಿದೆವು. ಅವರು ನದಿಯ ಕಡೆ ಕೈ ತೋರಿಸಿದರು.