ಡಾಕಿಗೆ ಚಹಾ ಒಯ್ದವನು

2023ರ ದಸರೆಗೆ ಸ್ವಲ್ಪ ಮುಂಚೆ ಮಗಳು ಜಪಾನಿನಿಂದ ಫೋನ್ ಮಾಡಿದಳು. ಆಫೀಸಿನ ಕೆಲಸಕ್ಕೆಂದು ಎರಡು ತಿಂಗಳಿಗೆ ಹೋದವಳು ರಜೆ ನೋಡಿಕೊಂಡು ಹಿರೋಶಿಮಾಕ್ಕೆ ಹೋಗಿದ್ದಳಂತೆ. ಅಲ್ಲಿಯ ಶಾಂತಿ ಸ್ಮಾರಕ ಉದ್ಯಾನದಲ್ಲಿ ಕೂತೇ ಮಾತಾಡುತ್ತಿದ್ದಳು. ಒಂದು ಕಲ್ಲಿನ ಕಮಾನು, ಅದರಡಿಯಲ್ಲಿ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಸತ್ತವರ ಹೆಸರಿನ ಪುಸ್ತಕಗಳು. ಪ್ರತಿ ವರ್ಷ ಆಗಸ್ಟ್ 6ಕ್ಕೆ ಹೊಸ ಹೆಸರುಗಳನ್ನು ಸೇರಿಸುತ್ತಾರೆ, ಈಗ ಮೂರು ಲಕ್ಷ ದಾಟಿದೆ. ಸ್ವಲ್ಪ ಆಚೆ ಹುಲ್ಲು ಬೆಳೆದ ಒಂದು ದಿಬ್ಬ ಇದೆಯಂತೆ. ಯಾರೆಂದು ಗುರುತೇ ಸಿಗದ ಸುಮಾರು ಎಪ್ಪತ್ತು ಸಾವಿರ ಜನರ ಬೂದಿ ಅದರೊಳಗೆ.

"ಅಪ್ಪಾ, ನಮ್ಮ ಸಣ್ಣಜ್ಜ ಕಾಣೆಯಾದದ್ದೂ ಯುದ್ಧದ ಸಮಯದಲ್ಲೇ ಅಲ್ವಾ? ಬೊಂಬಾಯಿ ಡಾಕಿನ ಸ್ಫೋಟ ಅಂತ ಅಜ್ಜ ಹೇಳ್ತಿದ್ರು. ಅದರ ಪಾರ್ಕ್ ಎಲ್ಲಿದೆ?"

ನಾನು ಈ ಊರಿಗೆ ಬಂದು ಆಗ ಮೂವತ್ತೇಳು ವರ್ಷ. ಮೊದಲು ಚೆಂಬೂರಿನ ಬಾಡಿಗೆ ಖೋಲಿ, ಆಮೇಲೆ 1992ರಲ್ಲಿ ವಾಶಿಗೆ ಲೋಕಲ್ ರೈಲು ಬಂದ ಮರುವರ್ಷ ಇಲ್ಲೊಂದು ಸಣ್ಣ ಮನೆ. ದಿನಾ ಬೆಳಿಗ್ಗೆ ಹಾರ್ಬರ್ ಲೈನಿನ ಗಾಡಿಯಲ್ಲಿ ಶಿವ್ಡಿ, ಕಾಟನ್ ಗ್ರೀನ್, ರೇ ರೋಡ್, ಡಾಕ್‌ಯಾರ್ಡ್ ರೋಡ್ ದಾಟಿ ಮಸ್ಜಿದ್ ಮೂಲಕವೇ ಕೆಲಸಕ್ಕೆ ಹೋದವನು. ಆ ಗೋಡೆಯ ಪಕ್ಕದಲ್ಲೇ ಇಪ್ಪತ್ತೈದು ವರ್ಷ ಪೇಪರ್ ಓದುತ್ತಾ, ತೂಕಡಿಸುತ್ತಾ ಹೋಗಿದ್ದೇನೆ. ಆದರೂ ಮಗಳ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಪಾರ್ಕ್ ಇಲ್ಲ ಅಂತ ಕಾಣುತ್ತದೆ ಮಗಳೇ, ಅಂದೆ.

ಸಣ್ಣಜ್ಜ ಎಂದರೆ ನನ್ನ ಅಜ್ಜನ ಕೊನೆಯ ತಮ್ಮ. ಉಡುಪಿಯ ಕಡೆಯ ಹಳ್ಳಿ, ಎರಡು ಹೊತ್ತು ಗಂಜಿಗೂ ತತ್ವಾರ. ಹದಿನೈದಕ್ಕೆ ಅವನನ್ನು ಊರಿನವರೊಬ್ಬರ ಜತೆ ಬೊಂಬಾಯಿಗೆ ಕಳಿಸಿದರು. ಮಸ್ಜಿದ್ ಬಂದರಿನ ಯಾವುದೋ ಓಣಿಯ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವ ಕೆಲಸ. ಆಮೇಲೆ ಬಡ್ತಿ ಸಿಕ್ಕಿ, ಡಾಕಿನ ಕೂಲಿಗಳಿಗೆ ಮಧ್ಯಾಹ್ನದ ಮೇಲೆ ಚಹಾ ಒಯ್ಯುವವನಾದ. ಬಡ್ತಿ ಎಂದು ಅವನೇ ಕಾಗದದಲ್ಲಿ ಬರೆದಿದ್ದನಂತೆ. ರಾತ್ರಿ ಶಾಲೆಗೆ ಸೇರುತ್ತೇನೆ ಅಂತಲೂ ಬರೆದಿದ್ದ. ನಮ್ಮ ಕಡೆಯ ಎಷ್ಟೋ ಹೋಟೆಲ್ ಹುಡುಗರು ಫೋರ್ಟಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದದ್ದು ನಿಮಗೂ ಗೊತ್ತಿರುತ್ತದೆ. ಇವನಿಗೆ ಆ ಯೋಗ ಬರಲಿಲ್ಲ. 1944ರ ಬಿಸು ಹಬ್ಬದ ಹೊತ್ತಿಗೆ ಬರಬೇಕಾದ ಮನಿಯಾರ್ಡರು ಬರಲಿಲ್ಲ. ಆಮೇಲೆ ಯಾವತ್ತೂ ಬರಲಿಲ್ಲ.

ಊರಿನಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ? ಸ್ಫೋಟವಾದ ಮರುದಿನವೇ ಜಪಾನಿಗಳ ಕೈಯಲ್ಲಿದ್ದ ಸೈಗಾನ್ ರೇಡಿಯೋ ಅದನ್ನು ಜಗತ್ತಿಗೆ ಸಾರಿತು. ಆದರೆ ಇಲ್ಲಿಯ ಬ್ರಿಟಿಷ್ ಸರಕಾರ ಪತ್ರಿಕೆಗಳಿಗೆ ವಿವರ ಬರೆಯಲು ಬಿಟ್ಟದ್ದು ಮೇ ತಿಂಗಳ ಎರಡನೇ ವಾರದಲ್ಲಿ. ಅಲ್ಲಿಯತನಕ ಬೊಂಬಾಯಿಯಿಂದ ಓಡಿ ಬಂದವರ ಬಾಯಿಮಾತೇ ಸುದ್ದಿ. ಒಬ್ಬ ಜಪಾನಿಗಳು ಬಾಂಬು ಹಾಕಿದರು ಅಂದ, ಇನ್ನೊಬ್ಬ ಸಮುದ್ರವೇ ಹತ್ತಿ ಉರಿಯಿತು ಅಂದ.

ನಡೆದದ್ದು ಇಷ್ಟು. ಫೋರ್ಟ್ ಸ್ಟೈಕೀನ್ ಎಂಬ ಹಡಗು 1944ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬರ್ಕನ್‌ಹೆಡ್‌ನಿಂದ ಹೊರಟು ಕರಾಚಿಯ ಮೂಲಕ ಏಪ್ರಿಲ್ 12ಕ್ಕೆ ಬೊಂಬಾಯಿಯ ವಿಕ್ಟೋರಿಯಾ ಡಾಕಿಗೆ ಬಂತು. ಅದರ ಹೊಟ್ಟೆಯಲ್ಲಿ ಸುಮಾರು 1,400 ಟನ್ ಮದ್ದುಗುಂಡು. ಕರಾಚಿಯಲ್ಲಿ ಅದೇ ಹಡಗಿಗೆ ಸಾವಿರಾರು ಹತ್ತಿ ಬೇಲುಗಳು, ಎಣ್ಣೆಯ ಪೀಪಾಯಿ, ಮರ, ಗಂಧಕ ತುಂಬಿದರು. ಒಲೆಯ ಪಕ್ಕ ಬೆಂಕಿಪೊಟ್ಟಣ ಇಡಬೇಡ ಎಂದು ನಮ್ಮ ಮನೆಯಲ್ಲಿ ಮಕ್ಕಳಿಗೂ ಹೇಳುತ್ತೇವೆ. ಯುದ್ಧಕಾಲ, ಹಡಗುಗಳಿಗೆ ಬರ, ಇದ್ದ ಜಾಗದಲ್ಲಿ ಇದ್ದದ್ದನ್ನೆಲ್ಲ ತುರುಕಿದರು. ಸ್ಫೋಟಕವಿರುವ ಹಡಗು ಕೆಂಪು ಬಾವುಟ ಏರಿಸಬೇಕಿತ್ತು, ಅದನ್ನೂ ಏರಿಸಿರಲಿಲ್ಲ. 14ನೇ ತಾರೀಕು ಶುಕ್ರವಾರ ಮಧ್ಯಾಹ್ನ ಹತ್ತಿಯಿಂದ ಹೊಗೆ ಬಂತು. ಬಂಬಿನವರು ಬಂದು ಒಂಬೈನೂರು ಟನ್ನಿಗೂ ಹೆಚ್ಚು ನೀರು ಹೊಯ್ದರು. ನೀರು ಕುದಿಯತೊಡಗಿತೇ ಹೊರತು ಬೆಂಕಿ ಆರಲಿಲ್ಲ. ಹಡಗನ್ನು ಮುಳುಗಿಸುವುದೋ, ಸಮುದ್ರಕ್ಕೆ ಎಳೆದೊಯ್ಯುವುದೋ ಎಂದು ಸಾಹೇಬರು ತೀರ್ಮಾನ ಮಾಡುವಷ್ಟರಲ್ಲಿ ಹೊತ್ತು ಮೀರಿತ್ತು. ಅಷ್ಟು ಹೊತ್ತೂ ಅಕ್ಕಪಕ್ಕದ ಧಕ್ಕೆಗಳಲ್ಲಿ ಕೂಲಿಗಳು ಎಂದಿನಂತೆ ಮೂಟೆ ಹೊರುತ್ತಿದ್ದರು. ಓಡಿ ಎಂದು ಅವರಿಗೆ ಯಾರೂ ಹೇಳಲಿಲ್ಲ.

ನಾಲ್ಕು ಗಂಟೆ ಆರು ನಿಮಿಷಕ್ಕೆ ಮೊದಲ ಸ್ಫೋಟ. ನಾಲ್ಕೂ ಮೂವತ್ತನಾಲ್ಕಕ್ಕೆ ಎರಡನೆಯದು. ಭೂಮಿ ಅದುರಿದ್ದು ಸಾವಿರದ ಏಳುನೂರು ಕಿಲೋಮೀಟರು ದೂರದ ಶಿಮ್ಲಾದ ಭೂಕಂಪ ಯಂತ್ರದಲ್ಲೂ ದಾಖಲಾಯಿತು. ನಾಲ್ಕು ಸಾವಿರ ಟನ್ನಿನ ಹತ್ತಿರದ ಜಲಪದ್ಮ ಎಂಬ ಹಡಗು ನೀರಿನಿಂದ ಎದ್ದು ಧಕ್ಕೆಯ ಮೇಲೆ ಕೂತಿತು. ಉರಿಯುವ ಹತ್ತಿ ಆಕಾಶಕ್ಕೆ ಹಾರಿ ಮಾಂಡ್ವಿ, ಮಸ್ಜಿದ್ ಬಂದರು, ದಾಣಾ ಬಂದರಿನ ಮಾಡುಗಳ ಮೇಲೆ ಬಿತ್ತು. ಎಂಬತ್ತು ಸಾವಿರ ಜನ ಮನೆ ಕಳೆದುಕೊಂಡರು.

ನಾಲ್ಕು ಗಂಟೆ ಆರು ನಿಮಿಷ. ಹೋಟೆಲಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಅದು ಚಹಾದ ಹೊತ್ತು.

2024ರ ಏಪ್ರಿಲ್ 14ಕ್ಕೆ ಎಂಬತ್ತು ವರ್ಷ ತುಂಬುತ್ತಿತ್ತು. ಆ ದಿನ ಹೋಗಬೇಕು ಎಂದು ಮೊದಲೇ ಗುರುತು ಹಾಕಿಟ್ಟೆ. ಭಾನುವಾರ, ಅದೂ ಅಂಬೇಡ್ಕರ್ ಜಯಂತಿ. ಹಾರ್ಬರ್ ಲೈನಿನ ಭಾನುವಾರದ ಮೆಗಾ ಬ್ಲಾಕ್ ಅಂದರೆ ನಮಗೆ ಏಕಾದಶಿಯ ಹಾಗೆ, ತಪ್ಪುವುದಿಲ್ಲ. ಅದರ ಭಯಕ್ಕೆ ಬೆಳಿಗ್ಗೆಯೇ ಹೊರಟೆ. ಹೆಂಡತಿ "ಬಿಸಿಲು, ಟೊಪ್ಪಿ ಇಟ್ಟುಕೊಳ್ಳಿ" ಅಂದಳು. ಯಾಕೆ, ಎಲ್ಲಿಗೆ ಅಂತ ಕೇಳಲಿಲ್ಲ. ಕುರ್ಲಾದಲ್ಲಿ ಗಾಡಿ ಬದಲಿಸಿದ್ದರೆ ಬೇಗ ಭಾಯಖಳಾ ಮುಟ್ಟುತ್ತಿದ್ದೆ. ಬೇಕೆಂದೇ ಸ್ಯಾಂಡ್‌ಹರ್ಸ್ಟ್ ರೋಡಿನ ತನಕ ಹೋದೆ, ಮೇಲಿನ ಪ್ಲಾಟ್‌ಫಾರಂನಿಂದ ಕೆಳಗಿಳಿದು ಸೆಂಟ್ರಲ್ ಲೈನ್ ಹಿಡಿದು ಒಂದು ಸ್ಟೇಷನ್ ಹಿಂದಕ್ಕೆ ಬಂದೆ. ದಾರಿಯುದ್ದಕ್ಕೂ ಆ ದಿನ ಕಿಟಕಿಯಾಚೆ ನೋಡಿದೆ. ಗೋದಾಮಿನ ಮಾಡು, ದೂರದಲ್ಲಿ ಕ್ರೇನು, ಎಲ್ಲಿ ನೋಡಿದರೂ ನೀಲಿ ಬಾವುಟ.

ಭಾಯಖಳಾದಲ್ಲಿ ಮುಂಬಯಿ ಅಗ್ನಿಶಾಮಕ ದಳದ ಮುಖ್ಯ ಕಚೇರಿ, ಹಳೆಯ ಕಲ್ಲಿನ ಕಟ್ಟಡ. ಅಂದು ಬೆಂಕಿಯ ಎದುರು ನಿಂತು ಸತ್ತ 66 ಮಂದಿ ಬಂಬಿನವರ ಸ್ಮಾರಕ ಅಲ್ಲಿದೆ. ಅವರ ನೆನಪಿಗಾಗಿಯೇ ದೇಶದಾದ್ಯಂತ ಏಪ್ರಿಲ್ 14ನ್ನು ಅಗ್ನಿಶಾಮಕ ಸೇವಾ ದಿನ ಎಂದು ಆಚರಿಸುವುದು, ಮುಂದೆ ಒಂದು ವಾರ ಅಗ್ನಿ ಸುರಕ್ಷಾ ಸಪ್ತಾಹ. ನಾನು ಹೋಗುವಾಗ ಕಾರ್ಯಕ್ರಮ ಮುಗಿದಿತ್ತು. ಹೂವು ಬಿಸಿಲಿಗೆ ಆಗಲೇ ಬಾಡತೊಡಗಿತ್ತು. ಬಾಗಿಲಲ್ಲಿ ತಡವರಿಸುತ್ತಿದ್ದವನನ್ನು ಸಮವಸ್ತ್ರದ ಹುಡುಗನೊಬ್ಬ ನೋಡಿ, ಮರಾಠಿಯಲ್ಲಿ, ನಿಮ್ಮವರು ಯಾರಾದರೂ ಇದ್ದರಾ ಅಂತ ಕೇಳಿದ.

ಅಜ್ಜನ ತಮ್ಮ, ಅಂದೆ.

"ಫೈರ್ ಬ್ರಿಗೇಡ್‌ನಲ್ಲಾ?"

"ಅಲ್ಲ. ಚಹಾವಾಲಾ."

ಅವನು ಒಂದು ಕ್ಷಣ ನನ್ನ ಮುಖ ನೋಡಿದ. ನಗಲಿಲ್ಲ. "ಯಾ, ಕಾಕಾ" ಎಂದು ಒಳಗೆ ಕರೆದುಕೊಂಡು ಹೋಗಿ, ಸ್ಮಾರಕದ ಮುಂದೆ ನಿಲ್ಲಿಸಿ, ತಾನು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತ. ನಾನು ಕೈ ಮುಗಿದೆ. ಮುಗಿದದ್ದು ಆ 66 ಮಂದಿಗೆ. ಓಡಿ ಹೋಗಬಹುದಿದ್ದವರು ಓಡದೆ ಪೈಪು ಹಿಡಿದು ನಿಂತವರು, ಅವರಿಗೆ ಸಲ್ಲಬೇಕಾದದ್ದೇ ಅದು. ಆದರೆ ಮನಸ್ಸಿನಲ್ಲಿ ಬೇರೊಂದು ಲೆಕ್ಕ ಓಡುತ್ತಿತ್ತು. 66 ಎಂಬುದು ಖಚಿತ ಲೆಕ್ಕ. ಒಟ್ಟು ಸತ್ತವರು ಎಷ್ಟು ಅಂದರೆ ಎಂಟುನೂರರಿಂದ ಸಾವಿರದ ಮುನ್ನೂರು ಎನ್ನುತ್ತಾರೆ. ನಡುವೆ ಐನೂರು ಜನರ ಅಂತರ! ನಮ್ಮ ಸಣ್ಣಜ್ಜ ಸತ್ತದ್ದೇ ಹೌದಾದರೆ ಅವನು ಇರುವುದು ಆ ಐನೂರರ ಒಳಗೆ ಎಲ್ಲೋ.

ಅದೇ ಹಡಗಿನಲ್ಲಿ ಚಿನ್ನವೂ ಇತ್ತು. 31 ಪೆಟ್ಟಿಗೆ, ಪೆಟ್ಟಿಗೆಗೆ ನಾಲ್ಕರಂತೆ 124 ಗಟ್ಟಿ, ಒಂದೊಂದೂ ಹನ್ನೆರಡೂವರೆ ಕಿಲೋಗೂ ಮಿಕ್ಕಿ. ಒಂದು ಗಟ್ಟಿ ಹಾರಿ ಹೋಗಿ ಒಂದು ಮೈಲಿ ಆಚೆ ಪಾರ್ಸಿಯೊಬ್ಬರ ಮನೆಯ ವರಾಂಡಕ್ಕೆ ಬಿತ್ತು, ಅವರು ಪ್ರಾಮಾಣಿಕವಾಗಿ ತಂದೊಪ್ಪಿಸಿದರು. 2011ರಲ್ಲಿ ಕೂಡ ಹೂಳೆತ್ತುವಾಗ ಸಿಕ್ಕಿತು. ಎಷ್ಟು ಗಟ್ಟಿ ಬಂದಿತ್ತು ಎಂದು ಇವತ್ತಿಗೂ ಹೇಳಬಹುದು. ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ. ಸಿಟ್ಟು ಯಾರ ಮೇಲೆ ಮಾಡುವುದು? ಆಗ ಡಾಕಿನ ಕೂಲಿಗೆ ಹಾಜರಿ ಪುಸ್ತಕವೇ ಇರಲಿಲ್ಲ ಅಂತ ಹೇಳಬಹುದು. ಟೋಳಿಯ ಮುಖಂಡ ಬೆಳಿಗ್ಗೆ ಯಾರನ್ನು ಕರೆದನೋ ಅವನಿಗೆ ಅವತ್ತಿನ ಕೆಲಸ. ಡಾಕ್ ಕಾರ್ಮಿಕರ ಕಾಯಿದೆ ಬಂದದ್ದು 1948ರಲ್ಲಿ, ಪೇಟೆಯಲ್ಲಿ ಮೂಟೆ ಹೊರುವ ಮಾಥಾಡಿಗಳ ಕಾಯಿದೆ 1969ರಲ್ಲಿ. ಕೂಲಿಗೇ ಲೆಕ್ಕ ಇಲ್ಲದಿದ್ದಾಗ ಕೂಲಿಗೆ ಚಹಾ ಕೊಡುವವನನ್ನು ಬರೆದಿಟ್ಟುಕೊಳ್ಳುವವರು ಯಾರು?

ಅಜ್ಜ ಮರುವರ್ಷ ಸಾಲ ಮಾಡಿ ತಮ್ಮನನ್ನು ಹುಡುಕಲು ಬಂದಿದ್ದರು. ಕೊಂಕಣ ರೈಲಿಲ್ಲದ ಕಾಲ, ಘಟ್ಟ ಹತ್ತಿ ಸುತ್ತು ಹಾಕಿ ಬರಬೇಕು. ಅಷ್ಟು ಹೊತ್ತಿಗೆ ಎಂಟು ಸಾವಿರ ಜನ ಏಳು ತಿಂಗಳು ದುಡಿದು ಐದು ಲಕ್ಷ ಟನ್ ಅವಶೇಷ ಎತ್ತಿ ಸಾಗಿಸಿಯಾಗಿತ್ತು. ಹೋಟೆಲಿನ ಧನಿ ಎಲ್ಲಿಗೆ ಹೋದನೋ ಯಾರಿಗೂ ಗೊತ್ತಿಲ್ಲ. ನಾಲ್ಕು ದಿನ ತಿರುಗಿ ವಾಪಸು ಬಂದವರು ಮುತ್ತಜ್ಜಿಗೆ ಹೇಳಿದ್ದು ಒಂದೇ ಮಾತು: "ಆ ಓಣಿಯೇ ಇಲ್ಲ." ಮುತ್ತಜ್ಜಿ ಅದನ್ನು ಒಪ್ಪಲಿಲ್ಲ. ಓಣಿ ಇಲ್ಲದಿದ್ದರೆ ಏನಾಯಿತು, ಹುಡುಗ ಬೇರೆ ಓಣಿಗೆ ಹೋಗಿರುತ್ತಾನೆ, ಇಲ್ಲವೆ ಮಿಲಿಟರಿಗೆ ಸೇರಿರುತ್ತಾನೆ ಎಂಬುದು ಅವಳ ವಾದ. ಅವಳು ಇರುವಷ್ಟು ಕಾಲ, ಅಂದರೆ 1968ರ ತನಕ, ಅವನಿಗೆ ಎಳ್ಳುನೀರು ಬಿಡಲು ಯಾರಿಗೂ ಧೈರ್ಯ ಬರಲಿಲ್ಲ. ನಾನು ಬೊಂಬಾಯಿಗೆ ಹೊರಟ ದಿನ ಅಜ್ಜ ತೋಟದ ಕಡೆ ಹೋದವರು ಬಸ್ಸು ಹೋಗುವ ತನಕ ಮನೆಗೆ ಬರಲೇ ಇಲ್ಲ. ಆಗ ನನಗೆ ಬೇಸರವಾಗಿತ್ತು.

ಭಾಯಖಳಾದಿಂದ ಮಸ್ಜಿದಿಗೆ ಬಂದು ಪಿ. ಡಿಮೆಲೊ ರಸ್ತೆಯಲ್ಲಿ ಸ್ವಲ್ಪ ದೂರ ನಡೆದೆ. ಬಂದರಿನ ಗೋಡೆ, ಗೇಟು, ಲಾರಿ. ಪಾಸ್ ಇಲ್ಲದೆ ಒಳಗೆ ಬಿಡುವುದಿಲ್ಲ. ಬಿಟ್ಟರೂ ನೋಡಲು ಆ ವಿಕ್ಟೋರಿಯಾ ಡಾಕೇ ಇಲ್ಲ, ಕಂಟೇನರ್ ಇಡಲು ಜಾಗ ಬೇಕೆಂದು ಅದನ್ನು ತುಂಬಿಸಿದ್ದಾರೆ. ಕೂರಲು ಒಂದು ಕಟ್ಟೆಯಾಗಲಿ, ನೆರಳಿಗೆ ಒಂದು ಮರವಾಗಲಿ ಆ ಗೋಡೆಯ ಬದಿಗೆ ನನಗೆ ಸಿಗಲಿಲ್ಲ. ಒಂದು ಟಪರಿಯಲ್ಲಿ ಕಟಿಂಗ್ ಚಹಾ ಕುಡಿದು ಗಾಡಿ ಹತ್ತಿದೆ.

ವಾಶಿಯಲ್ಲಿ ಇಳಿದ ಮೇಲೆ ನೆನಪಾದದ್ದು ಇನ್ನೊಂದು. ದಾಣಾ ಬಂದರು, ಮಸ್ಜಿದ್ ಬಂದರಿನ ಸಗಟು ಪೇಟೆ ಮುಂಬಯಿಯಲ್ಲಿ ಈಗ ಇರುವುದಾದರೂ ಎಲ್ಲಿ? ನಮ್ಮ ವಾಶಿಯ ಎ.ಪಿ.ಎಂ.ಸಿ.ಯಲ್ಲೇ! ಧಾನ್ಯ, ಮಸಾಲೆ ಪೇಟೆಗಳು ತೊಂಬತ್ತರ ದಶಕದಲ್ಲಿ ಇಲ್ಲಿಗೆ ಬಂದವು. ನನ್ನ ಮನೆಯ ಬೇಳೆ ಅಕ್ಕಿ, ಬ್ಯಾಡಗಿ ಮೆಣಸು ಎಲ್ಲಾ ಬರುವುದು ಅಲ್ಲಿಂದ. ಅಂದರೆ ಸಣ್ಣಜ್ಜ ಸುತ್ತಾಡಿದ ಪೇಟೆಯೇ ಕೊಲ್ಲಿ ದಾಟಿ ನನ್ನ ಬಾಗಿಲಿಗೆ ಬಂದ ಹಾಗಾಯಿತು, ಇಷ್ಟು ವರ್ಷ ನಾನದನ್ನು ಹೀಗೆ ಯೋಚಿಸಿರಲಿಲ್ಲ. ಮುಂದಿನ ವಾರ ಮೆಣಸು ತರಲು ಹೋದಾಗ, ತಂತಿಯ ಗೂಡಿನಲ್ಲಿ ಗ್ಲಾಸು ಹಿಡಿದು ಲಾರಿಗಳ ನಡುವೆ ಓಡುತ್ತಿದ್ದ ಹುಡುಗನನ್ನು ನಿಲ್ಲಿಸಿ ಹೆಸರು ಕೇಳಿದೆ. ಅವನು ಹೆದರಿದ. ಬಾಲಕಾರ್ಮಿಕರನ್ನು ಹಿಡಿಯುವ ಇಲಾಖೆಯವನು ಅಂದುಕೊಂಡನೋ ಏನೋ, "ಅಠರಾ ಪೂರ್ಣ ಝಾಲೇತ್" ಎಂದು ವಯಸ್ಸು ಹೇಳಿ ಮಾಯವಾದ. ಹೆಸರು ಹೇಳಲಿಲ್ಲ.

ಮಹಾಲಯ ಅಮಾವಾಸ್ಯೆಗೆ ಮೊದಲು ಊರಿನ ಭಟ್ಟರಿಗೆ ಫೋನ್ ಮಾಡಿ, ಈ ಸಲ ಸಣ್ಣಜ್ಜನ ಹೆಸರನ್ನೂ ಸೇರಿಸಬಹುದೇ ಎಂದು ಕೇಳಿದೆ. ತಿಥಿ ಗೊತ್ತಿಲ್ಲದವರಿಗೆಲ್ಲ ಆ ದಿನ ಆಗುತ್ತದೆ, ಅದಕ್ಕೇನು, ಅಂದರು ಅವರು.

"ತಿಥಿ ಗೊತ್ತುಂಟು ಭಟ್ರೇ. ತಾರೀಕು, ಗಂಟೆ, ನಿಮಿಷ ಸಮೇತ ಗೊತ್ತುಂಟು. ಆದರೆ..."

"ಆದರೆ?"

"ಅವನು ಅಲ್ಲಿ ಇದ್ದನೋ ಇಲ್ಲವೋ ಅದು ಗೊತ್ತಿಲ್ಲ."

ಭಟ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಂಬತ್ತು ವರ್ಷ ಆಯ್ತಲ್ಲ ಮಾರಾಯ್ರೇ" ಅಂದರು.

ಅಪ್ಪನ ಕಾಲದ ಒಂದು ನೋಟುಪುಸ್ತಕ ಇದೆ, ಮನೆಯಲ್ಲಿ ತೀರಿಕೊಂಡವರ ಹೆಸರು, ಎದುರಿಗೆ ಮಾಸ, ಪಕ್ಷ, ತಿಥಿ. ಸಣ್ಣಜ್ಜನ ಹೆಸರು ಅದರಲ್ಲಿ ಇದೆ, ಎದುರಿನ ಜಾಗ ಮಾತ್ರ ಖಾಲಿ. ಅಜ್ಜನೂ ಬರೆದಿರಲಿಲ್ಲ, ಅಪ್ಪನೂ ಬರೆಯಲಿಲ್ಲ. ಆ ರಾತ್ರಿ ಅದನ್ನು ತೆಗೆದು ಕೂತೆ. ಪೆನ್ನು ಕೈಯಲ್ಲಿತ್ತು. ಅದನ್ನು ಇಟ್ಟು, ಒಳಗೆ ಹೋಗಿ ಪೆನ್ಸಿಲು ಹುಡುಕಿ ತಂದು ಬರೆದೆ: ಚೈತ್ರ ಬಹುಳ, 14-4-1944, ಸಂಜೆ 4.06, ಬೊಂಬಾಯಿ.

ಅದರ ಫೋಟೋ ತೆಗೆದು ಮಗಳಿಗೆ ಕಳಿಸಿದೆ.