ಕೂಗಿ ಕರೆಯುವ ಕಸುಬು

ನನ್ನ ಕಸುಬು ಶುರುವಾದದ್ದು ಕೂಗುವುದರಿಂದ. 1983ರ ಸುಮಾರು. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಮೈಕ್‌ಸೆಟ್ಟಿನ ಯಜಮಾನರೊಬ್ಬರು ಜೀಪು ಹತ್ತಿಸಿಕೊಂಡರು. ಜೀಪಿನ ನೆತ್ತಿಯ ಮೇಲೆ ಎರಡು ಹಾರ್ನು, ಒಳಗೆ ಬ್ಯಾಟರಿ, ನನ್ನ ತೊಡೆಯ ಮೇಲೆ ಗುಲಾಬಿ, ಹಳದಿ ಬಣ್ಣದ ಕರಪತ್ರಗಳ ಕಟ್ಟು. ಕಡೂರಿನಿಂದ ಹೊರಟರೆ ಎಮ್ಮೆದೊಡ್ಡಿ ಸುತ್ತಿನ ಹಳ್ಳಿಗಳನ್ನೆಲ್ಲ ಮುಗಿಸಿ ದೀಪ ಹಚ್ಚುವ ಹೊತ್ತಿಗೆ ವಾಪಸ್ಸು. ಟೆಂಟ್ ಸಿನಿಮಾ ಬಂದರೆ ಸಿನಿಮಾಕ್ಕೆ, ಸುಗ್ಗಿ ಕಳೆದ ಮೇಲೆ ಪೌರಾಣಿಕ ನಾಟಕಕ್ಕೆ, ಜಾತ್ರೆ ಬಂದರೆ ಜಾತ್ರೆಗೆ ಜನರನ್ನು ಕರೆಯುವುದು ನನ್ನ ಕೆಲಸ.

ಮೊದಲ ದಿನ ನಾನು ಕೂಗಿದ್ದು ಎಲ್ಲ ಊರಿಗೂ ಒಂದೇ ಮಾತು. ಯಜಮಾನರು ಜೀಪು ನಿಲ್ಲಿಸಿ ಬೈದರು. “ಲೇ, ಇದೇನು ರೇಡಿಯೋನಾ? ನೀನು ಯಾವೂರಲ್ಲಿ ನಿಂತಿದೀಯ ನೋಡ್ಕೊಂಡು ಮಾತಾಡು.” ಅವತ್ತಿನ ನಾಟಕ ಕುರುಕ್ಷೇತ್ರ. ದುರ್ಯೋಧನ ಒಂದೂರಿನವನು, ಶಕುನಿ ಇನ್ನೊಂದೂರಿನವನು, ಕೃಷ್ಣನ ಪಾತ್ರ ಒಬ್ಬ ಮೇಷ್ಟ್ರದು. ದುರ್ಯೋಧನನ ಊರಿಗೆ ಹೋದಾಗ ದುರ್ಯೋಧನನ ಹೆಸರು ಹಿಡಿದು ಕೂಗಬೇಕು, ಶಕುನಿಯ ಊರಿನಲ್ಲಿ ಶಕುನಿಯನ್ನು. ಹಾಗೆ ಕೂಗಿದ ರಾತ್ರಿ ಎರಡೂ ಊರಿನವರು ಗಾಡಿ ಕಟ್ಟಿಕೊಂಡು ಬಂದರು. ಜನ ನಾಟಕ ನೋಡಲು ಬರುವುದಕ್ಕಿಂತ ತಮ್ಮವನನ್ನು ನೋಡಲು ಬರುತ್ತಾರೆ ಎಂಬುದು ನನಗೆ ಆಗ ತಿಳಿಯಿತು. ನಲವತ್ತು ವರ್ಷದಲ್ಲಿ ಕಸುಬು ಏನೇನಾಯಿತೋ, ಈ ತಿಳಿವಳಿಕೆ ಮಾತ್ರ ನನ್ನನ್ನು ಕೈಬಿಟ್ಟಿಲ್ಲ.

ಟೆಂಟಿನ ಯಜಮಾನರಿಗೆ ಒಂದು ಅಭ್ಯಾಸವಿತ್ತು. ಘಂಟಸಾಲ ಅವರ ಕಂಠದ ವೆಂಕಟೇಶ ಸ್ತುತಿ ಹಾಕಿದರೆ ಆಟ ಶುರುವಾಗುತ್ತದೆ ಎಂದು ಹೊಲದಲ್ಲಿದ್ದವರಿಗೂ ಗೊತ್ತು. ಅಲ್ಲಿಂದಲೇ ಓಡೋಡಿ ಬರುತ್ತಿದ್ದರು. ನೆಲ, ಬೆಂಚು, ಕುರ್ಚಿ ಎಲ್ಲ ತುಂಬಿದರೂ ಯಜಮಾನರು ಪರದೆಯ ಕಡೆ ನೋಡುತ್ತಿರಲಿಲ್ಲ. ಬಾಗಿಲ ಬಳಿ ಬೀಡಿ ಹಚ್ಚಿ ನಿಂತು, ಯಾವ ಹೊತ್ತಿಗೆ ಯಾರು ಎದ್ದು ಹೋಗುತ್ತಾರೆ ಎಂದು ನೋಡುತ್ತಿದ್ದರು. ಹೆಂಗಸರು ಮಗು ಎತ್ತಿಕೊಂಡು ಎದ್ದರೆ ಆ ಸಿನಿಮಾವನ್ನು ಮರುದಿನಕ್ಕೆ ಉಳಿಸುತ್ತಿರಲಿಲ್ಲ. ಎಷ್ಟು ಟಿಕೆಟ್ ಹರಿಯಿತು ಎನ್ನುವುದು ಅವರಿಗೆ ನಿನ್ನೆಯ ಲೆಕ್ಕ. ಕೊನೆಯವರೆಗೆ ಕೂತವರೆಷ್ಟು ಎನ್ನುವುದು ನಾಳೆಯ ಲೆಕ್ಕ.

ಟಿ.ವಿ. ಬಂತು, ಟೆಂಟು ಎದ್ದಿತು. ನಾನು ವಿಡಿಯೋ ಕ್ಯಾಮೆರಾ ಕಲಿತೆ. ಭುಜದ ಮೇಲೆ ಹೊರುವ ವಿಎಚ್‌ಎಸ್ ಕ್ಯಾಮೆರಾ, ಹಿಂದೆ ಹ್ಯಾಲೋಜನ್ ಲೈಟು ಹಿಡಿದ ಹುಡುಗ. ಮದುವೆ, ಗೃಹಪ್ರವೇಶ, ನಾಮಕರಣ. ಆಮೇಲೆ ಸಿ.ಡಿ. ಬಂತು. ಆ ಇಪ್ಪತ್ತು ವರ್ಷ ಹೊಟ್ಟೆ ತುಂಬಿತು, ಆದರೆ ಕೂಗುವ ಕೆಲಸ ಇರಲಿಲ್ಲ. ಮದುವೆ ಕ್ಯಾಸೆಟ್ಟನ್ನು ನೋಡುವವರು ಆ ಮದುವೆಯ ಮನೆಯವರೇ. ಹೇಳುವುದು ಅಷ್ಟೇ ಇದೆ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ನಮ್ಮ ಕಡೆಯ ಅರಳಿಕಟ್ಟೆಗಳಲ್ಲಿ ಮಾತು ಕಡಿಮೆಯಾಯಿತು. ಎಲ್ಲರ ಕೈಯಲ್ಲೂ ಒಂದೊಂದು ಟೆಂಟು. ಆ ಹೊತ್ತಿಗೆ ಸ್ಟುಡಿಯೋ ನಡೆಸುವುದು ಕಷ್ಟವಾಗಿ ನಾನು ಊರಿನ ತೆಂಗು, ಅಡಿಕೆ ನೋಡಿಕೊಂಡಿದ್ದೆ. ಕಸುಬು ಮುಗಿಯಿತೆಂದೇ ತಿಳಿದಿದ್ದೆ. ಅದನ್ನು ಮತ್ತೆ ನನ್ನ ಮುಂದೆ ತಂದು ಇಟ್ಟವಳು ತಮ್ಮನ ಮಗಳು.

2020ರ ಲಾಕ್‌ಡೌನ್. ಕಾಲೇಜು ಮುಚ್ಚಿ ಅವಳು ಮನೆಯಲ್ಲಿದ್ದಳು. ಅವಳ ತಮ್ಮನಿಗೆ ಎಸ್ಸೆಸ್ಸೆಲ್ಸಿ. ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಪರೀಕ್ಷೆ ಮುಂದಕ್ಕೆ ಹೋಗಿ, ಕೊನೆಗೆ ನಡೆದದ್ದು ಜೂನ್ 25ರಿಂದ. ಆ ಮೂರು ತಿಂಗಳು ಶಾಲೆಯಿಲ್ಲ, ಮೇಷ್ಟ್ರಿಲ್ಲ. ಆಗ ನಮ್ಮ ತಾಲ್ಲೂಕಿನ ಯಗಟಿಯವರೇ ಆದ, ಹಿಂದೆ ಶಾಸಕರೂ ಆಗಿದ್ದ ವೈ.ಎಸ್.ವಿ. ದತ್ತ ಅವರು ಫೇಸ್‌ಬುಕ್ ಲೈವ್‌ನಲ್ಲಿ ಗಣಿತ ಪಾಠ ಶುರುಮಾಡಿದರು. ರಾಜಕೀಯಕ್ಕೆ ಬರುವ ಮೊದಲಿನಿಂದ ಬೆಂಗಳೂರಿನಲ್ಲಿ ಟ್ಯೂಷನ್ ಹೇಳಿ ಹೆಸರಾದವರು. ನಮ್ಮ ಹುಡುಗ ಜಗಲಿಯ ಮೇಲೆ ಸಿಗ್ನಲ್ ಸಿಗುವ ಮೂಲೆ ಹುಡುಕಿ ಕೂತು ನೋಡುತ್ತಿದ್ದ. ನಾನೂ ಪಕ್ಕದಲ್ಲಿ ಕೂರುತ್ತಿದ್ದೆ. ಗಣಿತ ನನಗೆ ಬೇಕಾಗಿರಲಿಲ್ಲ, ಆದರೆ ಆ ಮಾತು ಯಾರಿಗೆ ಎಂಬುದರಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ: ಪರೀಕ್ಷೆ ಎದುರಿಗಿಟ್ಟುಕೊಂಡು ಹೆದರಿ ಕೂತ ಮಗುವಿಗೆ. “ನೋಡು, ನಮ್ಮ ಜೀಪಿನ ಕೆಲಸ ಇದೇ ಕಣಮ್ಮ” ಎಂದೆ ತಮ್ಮನ ಮಗಳಿಗೆ. ಆ ವಾರವೇ ಅವಳು ಯೂಟ್ಯೂಬ್ ಚಾನೆಲ್ ತೆರೆದಳು.

ಮೊದಮೊದಲು ಅವಳೂ ನಾನು ಮೊದಲ ದಿನ ಕೂಗಿದ ಹಾಗೆಯೇ ಕೂಗಿದಳು. ಅಡುಗೆ, ಪ್ರವಾಸ, ಮನೆಮದ್ದು, ಎಲ್ಲರಿಗೂ ಬೇಕಾದದ್ದು. ನೋಡಿದವರು ನೆಂಟರು. ಒಂದು ದಿನ ಮೊಬೈಲ್ ತಂದು ಗೆರೆಯೊಂದನ್ನು ತೋರಿಸಿದಳು. ಎಂಟು ನಿಮಿಷದ ವಿಡಿಯೋದಲ್ಲಿ ಜನ ಎಲ್ಲಿಯವರೆಗೆ ನೋಡುತ್ತಾರೆ ಎಂದು ಹೇಳುವ ಗೆರೆ. ನಲವತ್ತನೇ ಸೆಕೆಂಡಿಗೆ ದಡಕ್ಕನೆ ಕುಸಿದಿತ್ತು. ನನಗೆ ಬಾಗಿಲಲ್ಲಿ ಬೀಡಿ ಹಚ್ಚಿ ನಿಂತ ಯಜಮಾನರೇ ಕಂಡಹಾಗಾಯಿತು. ಆ ನಲವತ್ತು ಸೆಕೆಂಡಿನಲ್ಲಿ ಏನಿದೆ ಎಂದು ಇಬ್ಬರೂ ಕೂತು ನೋಡಿದೆವು. ನಮಸ್ಕಾರ, ಸ್ವಾಗತ, ಲೈಕ್ ಮಾಡಿ, ಶೇರ್ ಮಾಡಿ. ಅಡುಗೆ ಇನ್ನೂ ಶುರುವೇ ಆಗಿರಲಿಲ್ಲ.

ದಾರಿ ತೋರಿಸಿದ್ದು ಬೀರೂರಿನ ಹೋರಿಗಳು. ಅಲ್ಲಿ ನಡೆಯುವ ಅಮೃತಮಹಲ್ ಹೋರಿಗಳ ಹರಾಜಿಗೆ ಹೋಗಿದ್ದವಳು ಸುಮ್ಮನೆ ಚಿತ್ರೀಕರಿಸಿ ತಂದಳು. ಈ ಸಲ ನಮಸ್ಕಾರವನ್ನೂ ಹಾಕಲಿಲ್ಲ. ಕೊಂಬು ಹಿಂದಕ್ಕೆ ಬಾಗಿದ, ಹಗ್ಗಕ್ಕೆ ಇನ್ನೂ ಒಗ್ಗದ ಹೋರಿಯೊಂದು ನಾಲ್ಕು ಜನರನ್ನು ಎಳೆದುಕೊಂಡು ಹೋಗುವುದರಿಂದಲೇ ಶುರು. ವಾರದೊಳಗೆ ಅವಳು ಊಹಿಸದಷ್ಟು ಜನ ನೋಡಿದರು. ಕಾಮೆಂಟು ಓದಿದರೆ ಕಡೂರಿನವರು ಕಡಿಮೆ. ಹಾವೇರಿ, ಶಿಕಾರಿಪುರ, ಸೊರಬ: ಹೋರಿ ಹಬ್ಬದ ಸೀಮೆಯವರು. ಅವರ ಪ್ರಶ್ನೆಗಳೂ ಬೇರೆ. ಹಲ್ಲು ಎಷ್ಟು, ಸುಳಿ ಎಲ್ಲಿದೆ, ಎಷ್ಟಕ್ಕೆ ಹೋಯಿತು. ಅವಳು ಒಂದೊಂದಕ್ಕೂ ಉತ್ತರ ಬರೆದಳು, ಗೊತ್ತಿಲ್ಲದ್ದನ್ನು ಬಲ್ಲವರನ್ನು ಕೇಳಿ ಬರೆದಳು. ಅಂತರಘಟ್ಟೆ ಜಾತ್ರೆಯ ಗಾಡಿಗಳ ವಿಡಿಯೋ ಹಾಕುವ ಹೊತ್ತಿಗೆ ಅದೇ ಜನ ಕಾದು ಕೂತಿದ್ದರು. ಯಾವ ಊರಿನಲ್ಲಿ ನಿಂತಿದ್ದೇನೆ ಎಂದು ಅವಳಿಗೆ ಗೊತ್ತಾಗಿತ್ತು.

ಯೂಟ್ಯೂಬಿನವರು 2018ರಿಂದ ಒಂದು ಅಳತೆ ಇಟ್ಟಿದ್ದರು. ಸಾವಿರ ಚಂದಾದಾರರು, ಒಂದು ವರ್ಷದೊಳಗೆ ನಾಲ್ಕು ಸಾವಿರ ಗಂಟೆಯ ನೋಟ. ಅದನ್ನು ದಾಟಿದರೆ ಜಾಹೀರಾತಿನ ಹಣದಲ್ಲಿ ಪಾಲು. ದಾಟಿದ ಮೇಲೆ, ಲೆಕ್ಕಕ್ಕೆ ಹತ್ತು ಡಾಲರ್ ಸೇರಿದಾಗ, ವಿಳಾಸ ನಿಜವೋ ಸುಳ್ಳೋ ನೋಡಲು ಗುಟ್ಟಿನ ಅಂಕಿಯಿರುವ ಕಾಗದ ಅಂಚೆಯಲ್ಲಿ ಬರುತ್ತದೆ. ಪೋಸ್ಟ್‌ಮ್ಯಾನ್ ಸೈಕಲ್ ನಿಲ್ಲಿಸಿ, “ಪಾಪುಗೆ ಗೂಗಲ್‌ನಿಂದ ಬಂದದೆ ಅಣ್ಣ” ಎಂದು ಕೊಟ್ಟರು. ಅಂಚು ಹರಿದರೆ ಒಳಗೆ ಬರೀ ಆರು ಅಂಕಿ. ನನ್ನ ತಮ್ಮ ಅದನ್ನು ಪಹಣಿ ಪತ್ರ ಇಡುವ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟಿದ್ದಾನೆ.

ಹಣ ಬರತೊಡಗಿದ ಮೇಲೆಯೇ ನಾವು ಎಡವಿದ್ದು. ಅದನ್ನು ಮುಚ್ಚಿಟ್ಟರೆ ಈ ನೆನಪು ಸುಳ್ಳಾಗುತ್ತದೆ.

ನಮ್ಮದು ಮಳೆನೆರಳಿನ ಸೀಮೆ. ಹೊಲದಲ್ಲಿ ರಾಗಿ ಬಾಡುತ್ತಿದ್ದರೂ ಬಾಬಾಬುಡನ್‌ಗಿರಿಯ ನೆತ್ತಿಯಲ್ಲಿ ಮಳೆ ಹಿಡಿದರೆ ಮದಗದ ಕೆರೆಗೆ ನೀರು ಬರುತ್ತದೆ. 2022ರ ಮಳೆಗಾಲ ಎಂಥದೆಂದು ಈ ಕಡೆಯವರಿಗೆ ಹೇಳಬೇಕಿಲ್ಲ. ವೇದಾವತಿಯ ನೀರು ಹೋಗಿ ಸೇರುವ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದ ವರ್ಷ. ಮದಗದ ಕೆರೆಯ ಕೋಡಿ ನೋಡಲು ಕಾರು, ಬೈಕು ಸಾಲುಗಟ್ಟಿದ್ದವು. ಅವಳೂ ವಿಡಿಯೋ ಮಾಡಿದಳು. ಆದರೆ ಅವತ್ತು ಇಪ್ಪತ್ತು ಜನರ ಚಾನೆಲಿನಲ್ಲಿ ಅದೇ ಕೋಡಿ. ಎದ್ದು ಕಾಣಬೇಕೆಂದು ಕೆರೆ ಏರಿಯ ಚಿತ್ರಕ್ಕೆ ಕೆಂಪು ಬಾಣ ಹಾಕಿ, ‘ಏರಿ ಒಡೆಯುತ್ತಾ?’ ಎಂದು ಬರೆದಳು. ನಾನು ಪಕ್ಕದಲ್ಲೇ ಇದ್ದೆ. ಬೇಡ ಎನ್ನಲಿಲ್ಲ.

ರಾತ್ರಿ ಹತ್ತರ ಹೊತ್ತಿಗೆ ಫೋನುಗಳು ಶುರುವಾದವು. ಕೆರೆಯ ಕೆಳಗಿನ ಊರಿನ ಹೆಂಗಸೊಬ್ಬರು, “ಎತ್ತು ಬಿಚ್ಚಿ ಓಡಿಸಿದೀವಿ, ಅತ್ತೆಗೆ ನಡೆಯಕ್ಕೆ ಆಗಲ್ಲ, ಏನು ಮಾಡಣ ಹೇಳಪ್ಪ” ಎಂದು ಅಳುತ್ತಿದ್ದರು. ಏರಿ ಗಟ್ಟಿಯಾಗಿತ್ತು, ನಾವು ಸಂಜೆ ಅದರ ಮೇಲೇ ನಿಂತು ಬಂದಿದ್ದೆವು. ವಿಡಿಯೋ ತೆಗೆದೆವು. ಆದರೂ ಅದು ವಾಟ್ಸ್ಯಾಪಿನಲ್ಲಿ ಓಡುತ್ತಲೇ ಇತ್ತು. ಬೆಳಗಿನ ಜಾವ ನಾನು ಅಟ್ಟದ ಮೇಲಿದ್ದ ಹಳೇ ಹಾರ್ನು ಇಳಿಸಿ ಆಟೋಕ್ಕೆ ಕಟ್ಟಿಕೊಂಡು ಕೆಳಗಿನ ಊರುಗಳಿಗೆ ಹೋದೆ. ಏರಿಗೆ ಏನೂ ಆಗಿಲ್ಲ, ತಪ್ಪು ನಮ್ಮದು ಎಂದು ಪ್ರತಿ ಬೀದಿಯಲ್ಲೂ ಕೂಗಿದೆ. ಹಿಂದೆ ಅವಳೂ ಕೂತಿದ್ದಳು. ಆ ಹೆಂಗಸಿನ ಮನೆಯ ಮುಂದೆ ಇಳಿದು ಹೋಗಿ, ಅವರ ಅತ್ತೆಯ ಕಾಲು ಮುಟ್ಟಿ ಬಂದಳು.

ಆ ತಿಂಗಳು ನೋಡುವವರು ಕಡಿಮೆಯಾದರು. ಅವಳು ಆ ಮೇಲೆ ಕೆರೆಯ ವಿಡಿಯೋ ಹಾಕುವ ಮುಂಚೆ ನೀರಗಂಟಿಗೆ ಫೋನ್ ಮಾಡದೆ ಒಂದಕ್ಷರ ಬರೆದಿಲ್ಲ. ಕೋಡಿಯಲ್ಲಿ ಎಷ್ಟು ನೀರು ಹೋಗುತ್ತಿದೆ, ದಾರಿ ಎಲ್ಲಿಯವರೆಗೆ ಇದೆ, ಮಕ್ಕಳನ್ನು ಕರೆತಂದರೆ ಎಲ್ಲಿ ನಿಲ್ಲಬಾರದು. ಇಷ್ಟೇ ಹೇಳುತ್ತಾಳೆ. ನಿಧಾನವಾಗಿ ಬೆಂಗಳೂರಿನಲ್ಲಿರುವ ನಮ್ಮ ಕಡೆಯವರು ಅವಳನ್ನೇ ಕೇಳತೊಡಗಿದರು. ಹಬ್ಬಕ್ಕೆ ಊರಿಗೆ ಬರಲಾಗದವರು, ಮದುವೆಯಾಗಿ ಹೋದ ಹೆಣ್ಣುಮಕ್ಕಳು.

ಹೋದ ವರ್ಷ ಒಬ್ಬರು ಬರೆದಿದ್ದರು: ಏರಿಯ ಕೆಳಗೆ ತಮ್ಮ ತವರಿನ ಗದ್ದೆಯ ಬದಿಗೆ ಒಂದು ಹುಣಸೆಮರವಿತ್ತು, ಊರಿಗೆ ಬಂದು ಮೂವತ್ತು ವರ್ಷವಾಯಿತು, ಅದು ಇದೆಯೇ ಎಂದು. ಭಾನುವಾರ ಇಬ್ಬರೂ ಹೋದೆವು. ಗದ್ದೆ ಹೋಗಿ ಅಡಿಕೆ ತೋಟವಾಗಿದೆ. ಮರ ಇತ್ತು. ಅರ್ಧ ಒಣಗಿದೆ, ಇನ್ನರ್ಧ ಕಾಯಿ ಬಿಟ್ಟಿತ್ತು. ಅವಳು ಮಾತಿಲ್ಲದೆ ನಲವತ್ತು ಸೆಕೆಂಡು ಆ ಮರವನ್ನಷ್ಟೇ ಹಿಡಿದಳು. ನಾನು ಬಿದ್ದಿದ್ದ ನಾಲ್ಕು ಕಾಯಿ ಆರಿಸಿ ಚೀಲಕ್ಕೆ ಹಾಕಿಕೊಂಡೆ, ವಿಳಾಸ ಕೊಟ್ಟರೆ ಅಂಚೆಯಲ್ಲಿ ಕಳಿಸೋಣವೆಂದು.